ಒಂದೇ ಪಠ್ಯ, ಎರಡು ಎಣಿಕೆ: ಕನ್ನಡ ಪಠ್ಯಸಂಚಯ ಸಂಶೋಧನೆಯಲ್ಲಿ ಗಣಕ ಪರಿಸರದ ಸ್ಥಾಪನೆ

1. ಸಮಸ್ಯೆಯ ಸ್ವರೂಪ

ಕನ್ನಡದ ಒಂದು ಪಠ್ಯಸಂಚಯವನ್ನು ಒಂದೇ ಪೈಥಾನ್ ಪ್ರೋಗ್ರಾಂನಿಂದ ಎರಡು ಗಣಕಗಳಲ್ಲಿ ಸಂಸ್ಕರಿಸಿದಾಗ ಪದಗಳ ಎಣಿಕೆ ಬೇರೆಯಾಗಬಹುದು. ಪಠ್ಯವೂ ಪ್ರೋಗ್ರಾಂ ಕೂಡ ಬದಲಾಗಿರುವುದಿಲ್ಲ. ಬದಲಾಗಿರುವುದು ಪರಿಸರ, ಎಂದರೆ ಕಾರ್ಯಾಚರಣ ವ್ಯವಸ್ಥೆ, ಪೈಥಾನ್ ಆವೃತ್ತಿ ಹಾಗೂ ಅಲ್ಲಿರುವ ಲೈಬ್ರರಿಗಳು. ಪದರೂಪಗಳ ಸಂಖ್ಯೆಯನ್ನು ಆಧರಿಸಿದ ಪ್ರಬಂಧದಲ್ಲಿ ಇಂತಹ ವ್ಯತ್ಯಾಸವು ತೀರ್ಮಾನವನ್ನೇ ಸಂದೇಹಕ್ಕೆ ಗುರಿಮಾಡುತ್ತದೆ. ಆದ್ದರಿಂದ ಪರಿಸರದ ಸ್ಥಾಪನೆಯನ್ನು ಸಂಶೋಧನಾ ವಿಧಾನದ ಅಂಗವೆಂದೇ ಪರಿಗಣಿಸಬೇಕಾಗುತ್ತದೆ.

2. ಕಾಣುವ ದೋಷ, ಕಾಣದ ದೋಷ

ಕಡತವನ್ನು ತೆರೆಯುವಾಗ ಸಂಕೇತೀಕರಣವನ್ನು ಸೂಚಿಸದಿದ್ದರೆ, ಪೈಥಾನ್ 3.14ರವರೆಗಿನ ಆವೃತ್ತಿಗಳು ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಯುಟಿಎಫ್-8ರ ಬದಲು ಆ ಗಣಕದ ಪ್ರಾದೇಶಿಕ ಸಂಕೇತಪಟ್ಟಿಯನ್ನು ಬಳಸುತ್ತವೆ. ಅದು ವಿಂಡೋಸ್-1252 ಆಗಿದ್ದಲ್ಲಿ, ಉಕಾರದ ಚಿಹ್ನೆಯೋ ಅರ್ಧಾಕ್ಷರದ ಚಿಹ್ನೆಯೋ ಎದುರಾದೊಡನೆ ಓದು ನಿಲ್ಲುತ್ತದೆ. ಆ ಚಿಹ್ನೆಗಳ ಕೊನೆಯ ಬೈಟ್‌ಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಇದು ಕಾಣುವ ದೋಷ, ಸಂಶೋಧಕರನ್ನು ಎಚ್ಚರಿಸುತ್ತದೆ.

ಅಪಾಯವಿರುವುದು ಕಾಣದ ದೋಷಗಳಲ್ಲಿ. ಪೈಥಾನ್‌ನೊಡನೆಯೇ ಬರುವ ‘ಆರ್‌ಇ’ ಲೈಬ್ರರಿಯ ಪದಾಕ್ಷರ ವರ್ಗದಲ್ಲಿ ಕನ್ನಡದ ಸ್ವರಚಿಹ್ನೆಗಳೂ ಅರ್ಧಾಕ್ಷರದ ಚಿಹ್ನೆಯೂ ಸೇರಿಲ್ಲ. ಹೀಗಾಗಿ ‘ಮರವು’ ಎಂಬುದು ‘ಮರವ’ ಎಂದಾಗುತ್ತದೆ. ‘ಮರವನ್ನು’ ಎಂಬುದು ‘ಮರವನ’ ಮತ್ತು ‘ನ’ ಎಂದು ಒಡೆಯುತ್ತದೆ. ವಿಭಕ್ತಿಯ ಅಧ್ಯಯನಕ್ಕೆ ಬೇಕಾದ ಭೇದವೇ ಇಲ್ಲಿ ಅಳಿಯುತ್ತದೆ. ಪ್ರತ್ಯೇಕವಾಗಿ ಸ್ಥಾಪಿಸಬೇಕಾದ ‘ರೆಜೆಕ್ಸ್’ ಲೈಬ್ರರಿಯಲ್ಲಿ ಈ ತೊಡಕಿಲ್ಲ. ‘ರೆಜೆಕ್ಸ್’ ಇಲ್ಲದಿದ್ದರೆ ‘ಆರ್‌ಇ’ ಬಳಸುವಂತೆ ಬರೆದ ಪ್ರೋಗ್ರಾಂ ಒಂದು ಗಣಕದಲ್ಲಿ ಸರಿಯಾಗಿಯೂ ಇನ್ನೊಂದರಲ್ಲಿ ತಪ್ಪಾಗಿಯೂ ಎಣಿಸುತ್ತದೆ. ಎರಡರಲ್ಲೂ ಯಾವ ಎಚ್ಚರಿಕೆಯೂ ಮೂಡುವುದಿಲ್ಲ.

ಎರಡನೆಯದು ಯೂನಿಕೋಡ್‌ಗೆ ಸಂಬಂಧಿಸಿದ್ದು. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ. ಎನ್‌ಎಫ್‌ಸಿ ರೂಪಕ್ಕೆ ಪರಿವರ್ತಿಸಿದಾಗ ಇವು ಏಕರೂಪವಾಗುತ್ತವೆ. ಅಗೋಚರವಾದ ಶೂನ್ಯಾಗಲ ಸಂಕೇತಗಳನ್ನು ಮಾತ್ರ ಈ ಪರಿವರ್ತನೆ ತೆಗೆಯುವುದಿಲ್ಲ. ಅವುಗಳ ನಿರ್ವಹಣೆಯನ್ನು ಪ್ರತ್ಯೇಕವಾಗಿ ನಿರ್ಧರಿಸಿ ದಾಖಲಿಸಬೇಕು.

3. ಸ್ಥಾಪನೆಯ ಕ್ರಮ

ಪ್ರತಿ ಯೋಜನೆಗೂ ‘ವೆನ್ವ್’ ಮೂಲಕ ಪ್ರತ್ಯೇಕ ಪರಿಸರವನ್ನು ರಚಿಸಬೇಕು. ಆ ಕಡತಕೋಶವನ್ನೇ ನಕಲಿಸಿ ಇನ್ನೊಂದು ಗಣಕಕ್ಕೆ ಒಯ್ಯುವುದು ಸರಿಯಲ್ಲ. ‘ಪಿಪ್ ಫ್ರೀಜ್’ ನೀಡುವ ಆವೃತ್ತಿಪಟ್ಟಿಯನ್ನು ಒಯ್ದು ಅಲ್ಲಿ ಪರಿಸರವನ್ನು ಹೊಸದಾಗಿ ಕಟ್ಟಬೇಕು. ಆ ಪಟ್ಟಿಯಲ್ಲಿ ಪೈಥಾನ್‌ನ ಆವೃತ್ತಿ ಇರುವುದಿಲ್ಲವಾದ್ದರಿಂದ ಅದನ್ನು ಬೇರೆಯಾಗಿ ಬರೆದಿಡಬೇಕು. ಯೂನಿಕೋಡ್ ದತ್ತಾಂಶದ ಆವೃತ್ತಿಯೂ ಅದನ್ನೇ ಅವಲಂಬಿಸಿದೆ.

4. ಪರೀಕ್ಷಾಪಠ್ಯ

ಮುಖ್ಯ ಪ್ರಯೋಗಕ್ಕೆ ಮುನ್ನ ಪ್ರತಿ ಗಣಕದಲ್ಲಿಯೂ ಉತ್ತರ ತಿಳಿದಿರುವ ಚಿಕ್ಕ ಕಡತವೊಂದನ್ನು ಪರೀಕ್ಷಿಸುವುದು ಉಚಿತ. ‘ಮರವು’, ‘ಮರವನ್ನು’ ಹಾಗೂ ಒಕಾರವನ್ನು ಎರಡು ಬಗೆಯಲ್ಲಿ ಸಂಕೇತಿಸಿದ ‘ಕೊಡೆ’ ಇರುವ ಕಡತದಲ್ಲಿ ಪದಪ್ರಯೋಗಗಳು 4, ಭಿನ್ನ ಪದರೂಪಗಳು 3. ಉತ್ತರ 4 ಮತ್ತು 4 ಆದರೆ ಎನ್‌ಎಫ್‌ಸಿ ಪರಿವರ್ತನೆ ನಡೆದಿಲ್ಲ; 7 ಮತ್ತು 5 ಆದರೆ ‘ಆರ್‌ಇ’ ಪದಗಳನ್ನು ಒಡೆದಿದೆ. ಈ ಕಡತ, ಆವೃತ್ತಿಪಟ್ಟಿ ಹಾಗೂ ಪ್ರೋಗ್ರಾಂಗಳನ್ನು ಪ್ರಬಂಧದ ಅನುಬಂಧದಲ್ಲಿ ಒದಗಿಸಿದರೆ, ಬೇರೊಬ್ಬ ಸಂಶೋಧಕರು ಅದೇ ಎಣಿಕೆಯನ್ನು ತಮ್ಮ ಗಣಕದಲ್ಲಿ ಪಡೆದು ಪರಿಶೀಲಿಸಬಹುದು.