ಶೂಟರ್ ಆಟಗಳಲ್ಲಿ ಗುರಿ ಕೌಶಲದ ಹಠಾತ್ ಕುಸಿತ

ಗುರಿ ಕೌಶಲದ ಹಠಾತ್ ಕುಸಿತ ಎಂಬುದು ಸ್ಪರ್ಧಾತ್ಮಕ ಶೂಟರ್ ವಿಡಿಯೋ ಆಟಗಳನ್ನು ನಿಯಮಿತವಾಗಿ ಆಡುವವರಲ್ಲಿ ಕಂಡುಬರುವ ಒಂದು ಅನುಭವ. ನೂರಾರು ಗಂಟೆಗಳ ಅಭ್ಯಾಸದಿಂದ ಗಳಿಸಿದ, ಎದುರಾಳಿಯ ಮೇಲೆ ಗುರಿಚಿಹ್ನೆಯನ್ನು ಕ್ಷಿಪ್ರವಾಗಿ ತಂದು ನಿಲ್ಲಿಸುವ ಸಾಮರ್ಥ್ಯವು ಒಂದೇ ದಿನದಲ್ಲಿ ಅಥವಾ ಕೆಲವೇ ದಿನಗಳಲ್ಲಿ, ಸ್ಪಷ್ಟ ಕಾರಣವಿಲ್ಲದೆ ಕೈಬಿಟ್ಟುಹೋದಂತೆ ಆಟಗಾರರಿಗೆ ಭಾಸವಾಗುತ್ತದೆ. ಇದು ವೈದ್ಯಶಾಸ್ತ್ರವು ಗುರುತಿಸಿರುವ ರೋಗದ ಹೆಸರಲ್ಲ. ಉಪಕರಣದ ಹೊಂದಿಕೆಯಲ್ಲಿನ ಬದಲಾವಣೆ, ಫಲಿತಾಂಶಗಳ ಸಹಜ ಏರಿಳಿತ, ದಣಿವು, ಮಾನಸಿಕ ಒತ್ತಡ, ಅಪರೂಪವಾಗಿ ಕೈಯ ಗಾಯ ಮುಂತಾದ ಪರಸ್ಪರ ಸಂಬಂಧವಿಲ್ಲದ ಕಾರಣಗಳು ಒಂದೇ ಬಗೆಯ ಅನುಭವವನ್ನು ಉಂಟುಮಾಡುತ್ತವೆ. ಕಾರಣವನ್ನು ತಪ್ಪಾಗಿ ಗುರುತಿಸಿದಾಗ ಆಟಗಾರರು ಕೈಗೊಳ್ಳುವ ಪರಿಹಾರವೇ ಕುಸಿತವನ್ನು ದೀರ್ಘವಾಗಿಸುವ ಸಾಧ್ಯತೆಯಿದೆ.

ಗುರಿಯಿಡುವ ಕ್ರಿಯೆಯ ಸ್ವರೂಪ

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ವುಡ್‌ವರ್ತ್ 1899ರಲ್ಲಿ ಕೈಚಲನೆಯ ನಿಖರತೆಯನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ಗುರಿಯತ್ತ ಸಾಗುವ ಚಲನೆಗೆ ಎರಡು ಹಂತಗಳಿವೆ ಎಂದು ತೋರಿಸಿದರು. ಮೊದಲನೆಯದು ಮುಂಚಿತವಾಗಿ ಯೋಜಿತವಾದ ವೇಗದ ತಳ್ಳು. ಎರಡನೆಯದು ಕಣ್ಣಿನ ಮಾಹಿತಿಯನ್ನು ಆಧರಿಸಿದ ನಿಧಾನವಾದ ತಿದ್ದುಪಡಿ. 1954ರಲ್ಲಿ ಪಾಲ್ ಫಿಟ್ಸ್ ಅವರು ಗುರಿಯ ದೂರ ಹೆಚ್ಚಿದಂತೆ ಮತ್ತು ಅಗಲ ಕಡಿಮೆಯಾದಂತೆ ಚಲನೆಗೆ ಬೇಕಾಗುವ ಸಮಯ ಹೆಚ್ಚುತ್ತದೆ ಎಂಬುದನ್ನು ಗಣಿತದ ಸೂತ್ರದಲ್ಲಿ ನಿರೂಪಿಸಿದರು. ಮೌಸ್ ಬಳಕೆಗೂ ಈ ಸೂತ್ರ ಅನ್ವಯಿಸುತ್ತದೆ.

ಕೌಂಟರ್-ಸ್ಟ್ರೈಕ್, ವ್ಯಾಲರಂಟ್‌ನಂತಹ ಆಟಗಳಲ್ಲಿ ಎದುರಾಳಿಯು ಮೂಲೆಯಿಂದ ಕಾಣಿಸಿಕೊಂಡು ಮರೆಯಾಗುವ ಅವಧಿ ಒಂದು ಸೆಕೆಂಡಿಗಿಂತ ಬಹಳ ಕಡಿಮೆಯಿರಬಹುದು. ತಿದ್ದುಪಡಿಯ ಹಂತಕ್ಕೆ ಅಲ್ಲಿ ಅವಕಾಶ ಅಲ್ಪ. ಆದುದರಿಂದ ಪಳಗಿದ ಆಟಗಾರರ ಕೌಶಲವು ಬಹುಪಾಲು ಮೊದಲ ತಳ್ಳಿನ ನಿಖರತೆಯಲ್ಲಿ, ಅಂದರೆ ಕೈ ಇಷ್ಟು ಸರಿದರೆ ಪರದೆಯ ನೋಟ ಇಷ್ಟು ತಿರುಗುತ್ತದೆ ಎಂಬ ಅರಿವಿಲ್ಲದ ಲೆಕ್ಕಾಚಾರದಲ್ಲಿ ಅಡಗಿರುತ್ತದೆ. ಈ ಲೆಕ್ಕವು ಶೇಕಡಾ ಕೆಲವಷ್ಟು ತಪ್ಪಿದರೂ ಗುಂಡು ತಲೆಯ ಪಕ್ಕದಿಂದ ಹಾದುಹೋಗುತ್ತದೆ. ತನಗೆ ಆಡಲು ಬರುವುದೇ ಇಲ್ಲ ಎಂಬ ಭಾವನೆ ಆಟಗಾರರಲ್ಲಿ ಮೂಡುತ್ತದೆ.

ಉಪಕರಣ ಮತ್ತು ಹೊಂದಿಕೆ

ಹಠಾತ್ ಕುಸಿತದ ಕಾರಣಗಳಲ್ಲಿ ಅತ್ಯಂತ ಸರಳವಾದುದೂ, ಅನೇಕ ವೇಳೆ ಕಡೆಯಲ್ಲಿ ಪರೀಕ್ಷೆಗೊಳಗಾಗುವುದೂ ಇದೇ. ಕೌಂಟರ್-ಸ್ಟ್ರೈಕ್ ಆಟದ ಮೂಲ ಹೊಂದಿಕೆಯಲ್ಲಿ, ಸಂವೇದನೆ 1 ಇರುವಾಗ ಮೌಸ್ ಕಳುಹಿಸುವ ಪ್ರತಿಯೊಂದು ಎಣಿಕೆಗೆ ನೋಟವು 0.022 ಡಿಗ್ರಿ ತಿರುಗುತ್ತದೆ. ಸಂವೇದನೆ 2 ಆಗಿದ್ದು, ಮೌಸ್ ಇಂಚಿಗೆ 400 ಎಣಿಕೆಗಳನ್ನು (400 ಡಿಪಿಐ) ಕಳುಹಿಸುತ್ತಿದ್ದರೆ, ಒಂದು ಪೂರ್ಣ ಸುತ್ತು ತಿರುಗಲು ಸುಮಾರು 8,182 ಎಣಿಕೆಗಳು, ಅಂದರೆ ಸುಮಾರು 52 ಸೆಂಟಿಮೀಟರ್ ಕೈಚಲನೆ ಬೇಕು. ಮೌಸ್‌ನ ಮೇಲಿರುವ ಡಿಪಿಐ ಗುಂಡಿಯನ್ನು ಅರಿಯದೆ ಒತ್ತಿ ಅದು 800ಕ್ಕೆ ಏರಿದರೆ ಅದೇ ಸುತ್ತಿಗೆ 26 ಸೆಂಟಿಮೀಟರ್ ಸಾಕಾಗುತ್ತದೆ. ಇಷ್ಟು ದೊಡ್ಡ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ತೊಂದರೆ ಕೊಡುವುದು ಸಣ್ಣ ವ್ಯತ್ಯಾಸಗಳು.

ವ್ಯಾಲರಂಟ್‌ನಲ್ಲಿ ಇದೇ ಮೂಲ ಸಂಖ್ಯೆ 0.07 ಡಿಗ್ರಿ. ಆದ್ದರಿಂದ ಒಂದು ಆಟದಿಂದ ಇನ್ನೊಂದಕ್ಕೆ ಹೋಗುವವರು ಸಂವೇದನೆಯನ್ನು ಸುಮಾರು 3.18ರಿಂದ ಭಾಗಿಸಬೇಕು ಅಥವಾ ಗುಣಿಸಬೇಕು. ವಿಂಡೋಸ್ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಕೈಯ ವೇಗಕ್ಕೆ ಅನುಗುಣವಾಗಿ ಸೂಚಿಯ ವೇಗವನ್ನು ಬದಲಿಸುವ ಆಯ್ಕೆಯೊಂದು ತಾನಾಗಿಯೇ ಚಾಲನೆಯಲ್ಲಿರುತ್ತದೆ. ಆಟವು ಮೌಸ್‌ನಿಂದ ನೇರವಾಗಿ ಮಾಹಿತಿ ಪಡೆಯುತ್ತಿದ್ದರೆ ಇದರಿಂದ ಬಾಧೆಯಿಲ್ಲ; ಇಲ್ಲವಾದರೆ ಒಂದೇ ದೂರದ ಕೈಚಲನೆಯು ವೇಗವನ್ನು ಅವಲಂಬಿಸಿ ಬೇರೆ ಬೇರೆ ಫಲ ನೀಡುತ್ತದೆ.

ಪರದೆಯ ವೇಗವೂ ಇಲ್ಲಿ ಮುಖ್ಯ. 144 ಹರ್ಟ್ಸ್ ಪರದೆಯಲ್ಲಿ ಹೊಸ ಚಿತ್ರ 6.9 ಮಿಲಿಸೆಕೆಂಡಿಗೊಮ್ಮೆ ಮೂಡಿದರೆ, 60 ಹರ್ಟ್ಸ್‌ನಲ್ಲಿ 16.7 ಮಿಲಿಸೆಕೆಂಡಿಗೊಮ್ಮೆ ಮೂಡುತ್ತದೆ. ಚಾರ್ಜರ್ ತೆಗೆದಾಗ ಲ್ಯಾಪ್‌ಟಾಪ್ ವಿದ್ಯುತ್ ಉಳಿತಾಯದ ಸ್ಥಿತಿಗೆ ಹೋಗುವುದು, ಹೊಸ ಕುರ್ಚಿಯಿಂದಾಗಿ ಮೊಣಕೈಯ ಎತ್ತರ ಬದಲಾಗುವುದು, ಮಳೆಗಾಲದಲ್ಲಿ ಬಟ್ಟೆಯ ಮೌಸ್ ಪ್ಯಾಡ್ ತೇವ ಹೀರುವುದು ಇವೆಲ್ಲ ಕ್ಷುಲ್ಲಕವೆನಿಸಿದರೂ ಕೈ ಕಲಿತ ಲೆಕ್ಕವನ್ನು ಕದಡಬಲ್ಲವು. ಕೆಲವೊಮ್ಮೆ ಆಟವೇ ಬದಲಾಗುತ್ತದೆ: 2023ರ ಸೆಪ್ಟೆಂಬರ್‌ನಲ್ಲಿ ವಾಲ್ವ್ ಸಂಸ್ಥೆಯು ಕೌಂಟರ್-ಸ್ಟ್ರೈಕ್ 2 ಆಟವನ್ನು ಹಳೆಯ ಆವೃತ್ತಿಯ ಜಾಗಕ್ಕೆ ತಂದಾಗ ಅನೇಕ ಹಳೆಯ ಆಟಗಾರರು ಗುಂಡು ಹಾರಿಸುವ ಅನುಭವವೇ ಬೇರೆಯಾಗಿದೆ ಎಂದು ದೂರಿದರು.

ಕುಸಿತವೋ, ಏರಿಳಿತವೋ

ಎಲ್ಲ ಕುಸಿತಗಳೂ ನಿಜವಾದ ಕುಸಿತಗಳಲ್ಲ. ಸಮಬಲದ ಎದುರಾಳಿಗಳೊಂದಿಗೆ ನಡೆಯುವ ಪ್ರತಿ ಮುಖಾಮುಖಿಯಲ್ಲಿ ಗೆಲ್ಲುವ ಸಂಭವ ಶೇ. 50 ಇರುವ ಆಟಗಾರರೊಬ್ಬರನ್ನು ಊಹಿಸಿಕೊಳ್ಳಬಹುದು. 20 ಮುಖಾಮುಖಿಗಳಲ್ಲಿ ಅವರು 10ನ್ನು ಗೆಲ್ಲುವುದು ಸರಾಸರಿ ನಿರೀಕ್ಷೆ. ಆದರೆ 6 ಅಥವಾ ಅದಕ್ಕಿಂತ ಕಡಿಮೆ ಗೆಲ್ಲುವ ಸಂಭವವೂ ಶೇ. 5.8ರಷ್ಟಿದೆ, ಕೌಶಲದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದೆ, ಸುಮಾರು 17 ಪಂದ್ಯಗಳಿಗೊಮ್ಮೆ ಹೀಗಾಗುತ್ತದೆ. ಅಸಾಧಾರಣವಾಗಿ ಚೆನ್ನಾಗಿ ಆಡಿದ ವಾರದ ನಂತರ ಸಾಮಾನ್ಯ ಮಟ್ಟಕ್ಕೆ ಮರಳುವುದೂ ನಷ್ಟದಂತೆಯೇ ತೋರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಹಿಮ್ಮರಳುವಿಕೆ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಇದನ್ನು ವಿವರಿಸಿದರು. ಶ್ರೇಯಾಂಕದಲ್ಲಿ ಮೇಲೇರಿದವರಿಗೆ ವ್ಯವಸ್ಥೆಯು ಇನ್ನೂ ಬಲಿಷ್ಠ ಎದುರಾಳಿಗಳನ್ನು ಒದಗಿಸುವುದರಿಂದ, ಗೆಲುವಿನ ಮರುದಿನವೇ ಗುರಿ ಕೆಟ್ಟಂತೆ ಕಾಣುವುದೂ ಉಂಟು.

ದಣಿವು ಮತ್ತು ಒತ್ತಡ

ಕೆಲವು ದಿನ ಆಟ ನಿಲ್ಲಿಸಿ ಮರಳಿದಾಗ ಮೊದಲ ಕೆಲವು ಯತ್ನಗಳು ಕೆಡುವುದು, ಅನಂತರ ಬೇಗನೆ ಸರಿಹೋಗುವುದು ಚಲನ ಕಲಿಕೆಯ ಅಧ್ಯಯನಗಳಲ್ಲಿ ಚಿರಪರಿಚಿತ. ಇದು ಮರೆವಲ್ಲ. ನಿದ್ರಾಹೀನತೆಯಿಂದ ಪ್ರತಿಕ್ರಿಯೆಯ ಸಮಯ ಹೆಚ್ಚುವುದಲ್ಲದೆ, ಗಮನವು ಆಗಾಗ ಕ್ಷಣಕಾಲ ತಪ್ಪುತ್ತದೆ.

ಒತ್ತಡದ ಪರಿಣಾಮ ಇನ್ನೂ ಸೂಕ್ಷ್ಮವಾದುದು. ರಾಯ್ ಬೌಮೈಸ್ಟರ್ 1984ರಲ್ಲಿ, ಚೆನ್ನಾಗಿ ಆಡಲೇಬೇಕೆಂಬ ಒತ್ತಡವು ಗಮನವನ್ನು ತನ್ನತ್ತಲೇ ತಿರುಗಿಸಿ, ಪಳಗಿದ ಕೌಶಲವನ್ನು ಕೆಡಿಸುತ್ತದೆ ಎಂದು ವಾದಿಸಿದರು. ಅರಿವಿಲ್ಲದೆ ನಡೆಯುತ್ತಿದ್ದ ಮಣಿಕಟ್ಟಿನ ಚಲನೆಯನ್ನು ಆಟಗಾರರು ಹಂತಹಂತವಾಗಿ ಗಮನಿಸಲಾರಂಭಿಸಿದಾಗ ಅದು ತುಂಡುತುಂಡಾಗುತ್ತದೆ. ತಂಡದ ಆಯ್ಕೆ ಪಂದ್ಯಕ್ಕೆ ಸಿದ್ಧರಾಗುವ ಹದಿಹರೆಯದವರಿಗೆ ಇದು ಸಣ್ಣ ಸಂಗತಿಯಲ್ಲ: ಗುರಿ ಕೆಟ್ಟಿತೆಂಬ ಭಯದಿಂದ ರಾತ್ರಿಯಿಡೀ ಅಭ್ಯಾಸ, ಅದರಿಂದ ನಿದ್ರಾನಷ್ಟ, ನಿದ್ರಾನಷ್ಟದಿಂದ ಗುರಿ ಮತ್ತಷ್ಟು ಕೆಡುವುದು ಎಂಬ ಚಕ್ರದಲ್ಲಿ ಅವರು ಸಿಲುಕಬಹುದು.

ಇತರ ಕ್ರೀಡೆಗಳಲ್ಲಿ

ಗಾಲ್ಫ್‌ನಲ್ಲಿ ಸಣ್ಣ ಹೊಡೆತಗಳ ವೇಳೆ ಕೈ ನಡುಗುವ ಅಥವಾ ಸೆಟೆದುಕೊಳ್ಳುವ ತೊಂದರೆಯನ್ನು ಯಿಪ್ಸ್ ಎನ್ನುತ್ತಾರೆ. ಐದು ಬಾರಿ ಡಾರ್ಟ್ಸ್ ವಿಶ್ವ ಚಾಂಪಿಯನ್ ಆಗಿದ್ದ ಇಂಗ್ಲೆಂಡಿನ ಎರಿಕ್ ಬ್ರಿಸ್ಟೊ ಅವರಿಗೆ 1980ರ ದಶಕದಲ್ಲಿ ಡಾರ್ಟನ್ನು ಕೈಯಿಂದ ಬಿಡುವುದೇ ಕಷ್ಟವಾಯಿತು. ಅಮೆರಿಕದ ಬೇಸ್‌ಬಾಲ್ ಎಸೆತಗಾರ ರಿಕ್ ಆಂಕೀಲ್ 2000ದ ಪ್ಲೇಆಫ್ ಪಂದ್ಯವೊಂದರ ಒಂದೇ ಇನಿಂಗ್ಸ್‌ನಲ್ಲಿ ಐದು ದಿಕ್ಕುತಪ್ಪಿದ ಎಸೆತಗಳನ್ನು ಎಸೆದರು. ಮುಂದೆ ಎಸೆತವನ್ನೇ ಬಿಟ್ಟು, ಮೈದಾನದ ಹೊರವಲಯದ ಕ್ಷೇತ್ರರಕ್ಷಕ ಹಾಗೂ ಬ್ಯಾಟರ್ ಆಗಿ ಮರಳಿದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಗಾಳಿಯಲ್ಲಿ ತನ್ನ ದೇಹದ ಸ್ಥಾನದ ಅರಿವು ತಪ್ಪುತ್ತಿರುವುದಾಗಿ ತಿಳಿಸಿ ಹಲವು ಸ್ಪರ್ಧೆಗಳಿಂದ ಹಿಂದೆ ಸರಿದರು. ವಿಡಿಯೋ ಆಟಗಾರರ ಸಾಮಾನ್ಯ ಕುಸಿತಗಳನ್ನು ಈ ತೀವ್ರ ಪ್ರಕರಣಗಳೊಂದಿಗೆ ಸಮೀಕರಿಸುವುದು ಸರಿಯಲ್ಲ.

ದೈಹಿಕ ಕಾರಣಗಳು

ಸ್ವೀಡನ್‌ನ ಕೌಂಟರ್-ಸ್ಟ್ರೈಕ್ ಆಟಗಾರ ಓಲೊಫ್‌ಮೈಸ್ಟರ್ 2016ರಲ್ಲಿ ಕೈಯ ಗಾಯದಿಂದಾಗಿ ಫ್ನಾಟಿಕ್ ತಂಡದಿಂದ ಕೆಲಕಾಲ ದೂರವಿದ್ದರು. ಹೆಬ್ಬೆರಳು, ತೋರುಬೆರಳು ಹಾಗೂ ನಡುಬೆರಳುಗಳಲ್ಲಿ ಜೋಮು ಅಥವಾ ಚುಚ್ಚಿದಂತಹ ಅನುಭವವು, ವಿಶೇಷವಾಗಿ ರಾತ್ರಿಯ ವೇಳೆ ಕಂಡುಬಂದರೆ, ಮಣಿಕಟ್ಟಿನಲ್ಲಿ ನರ ಒತ್ತಲ್ಪಡುವ ಕಾರ್ಪಲ್ ಟನಲ್ ಸಿಂಡ್ರೋಮ್‌ನ ಲಕ್ಷಣವಾಗಿರಬಹುದು. ಇಂತಹ ಲಕ್ಷಣಗಳಿಗೆ ಅಭ್ಯಾಸ ಪರಿಹಾರವಲ್ಲ, ವೈದ್ಯರ ಪರೀಕ್ಷೆ ಅಗತ್ಯ.

ಪತ್ತೆ ಮತ್ತು ಚೇತರಿಕೆ

ಮೊದಲಿಗೆ ಅಳತೆಪಟ್ಟಿಯಿಟ್ಟು ಒಂದು ಪೂರ್ಣ ಸುತ್ತಿಗೆ ಬೇಕಾಗುವ ಕೈಚಲನೆಯನ್ನು ಅಳೆದು, ಹಿಂದಿನ ಹೊಂದಿಕೆಯ ಲೆಕ್ಕದೊಂದಿಗೆ ಹೋಲಿಸಲಾಗುತ್ತದೆ. ಅನಂತರ ಕೊವಾಕ್ಸ್, ಏಮ್ ಲ್ಯಾಬ್ ಮುಂತಾದ ಗುರಿ ಅಭ್ಯಾಸದ ತಂತ್ರಾಂಶಗಳಲ್ಲಿನ ಹಳೆಯ ಅಂಕಗಳನ್ನು ನೋಡಬಹುದು. ಅಲ್ಲಿ ಅಂಕಗಳು ಹಿಂದಿನಂತೆಯೇ ಇದ್ದು ಪಂದ್ಯದಲ್ಲಿ ಮಾತ್ರ ಸೋಲುತ್ತಿದ್ದರೆ, ದೋಷ ಕೈಯಲ್ಲಿಲ್ಲ. ನಿಲ್ಲುವ ಸ್ಥಳ, ಗುರಿಚಿಹ್ನೆಯನ್ನು ಮುಂಚಿತವಾಗಿ ಇರಿಸುವ ಎತ್ತರ ಅಥವಾ ಒತ್ತಡದಲ್ಲಿ ಅದನ್ನು ಹುಡುಕಬೇಕು. ಕುಸಿತದ ಮಧ್ಯೆ ದಿನಕ್ಕೊಂದು ಸಂವೇದನೆಯನ್ನು ಪ್ರಯೋಗಿಸುವುದು ಬಹುಸಾಮಾನ್ಯವಾದ ತಪ್ಪು. ಪ್ರತಿ ಬದಲಾವಣೆಗೂ ಕೈ ಹೊಸದಾಗಿ ಲೆಕ್ಕ ಕಲಿಯಬೇಕಾಗುವುದರಿಂದ ಮೂಲ ಕಾರಣ ಮರೆಯಾದ ಮೇಲೂ ಅಸ್ಥಿರತೆ ಉಳಿಯುತ್ತದೆ.

ಮೊಬೈಲ್ ಆಟಗಳಲ್ಲಿ

ಭಾರತದಲ್ಲಿ 2021ರ ಜುಲೈನಲ್ಲಿ ಬಿಡುಗಡೆಯಾದ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾದಂತಹ ಆಟಗಳಲ್ಲಿ ಮೌಸ್‌ನ ಬದಲು ಬೆರಳು ಮತ್ತು ಫೋನಿನ ಓರೆಯನ್ನು ಗ್ರಹಿಸುವ ಗೈರೊಸ್ಕೋಪ್ ಬಳಕೆಯಾಗುತ್ತವೆ. ಬೇರೆ ಬೇರೆ ಸ್ಕೋಪ್‌ಗಳಿಗೆ ಪ್ರತ್ಯೇಕ ಸಂವೇದನೆಗಳಿರುವುದರಿಂದ ಒಂದೇ ಸ್ಕೋಪ್‌ನಲ್ಲಿ ಗುರಿ ತಪ್ಪುತ್ತಿದ್ದರೆ ಹೊಂದಿಕೆಯ ಮೇಲೆ ಅನುಮಾನಪಡಬೇಕಾಗುತ್ತದೆ. ಹೊಸ ಸ್ಕ್ರೀನ್ ಗಾರ್ಡ್, ಬೆವರಿದ ಬೆರಳು, ಫೋನ್ ಬಿಸಿಯಾದಾಗ ಸಂಸ್ಕಾರಕವು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು ಇಲ್ಲಿನ ಸಾಮಾನ್ಯ ಕಾರಣಗಳು. ಬೆವರಿನ ತೊಂದರೆಗೆ ಆಟಗಾರರು ಹೆಬ್ಬೆರಳಿಗೆ ತೆಳುವಾದ ಬಟ್ಟೆಯ ಕವಚ ತೊಡುತ್ತಾರೆ.