ಹೆಸರು ತಿಳಿದರೂ ವಿಳಾಸ ಸಿಗದಾಗ

ವಿದ್ಯಾರ್ಥಿವೇತನದ ಅರ್ಜಿಗಳನ್ನು ಕಳುಹಿಸಲು ಅಂದೇ ಕೊನೆಯ ದಿನ. ಮಕ್ಕಳ ದಾಖಲೆಗಳನ್ನು ಇರಿಸಿದ್ದ ಕ್ಲೌಡ್ ಸೇವೆಯ ಪುಟ ಶಾಲೆಯ ಗಣಕಯಂತ್ರದಲ್ಲಿ ತೆರೆಯಲಿಲ್ಲ. ಸೇವೆಯೇ ಕೆಟ್ಟಿದೆಯೆಂದು ಸಹೋದ್ಯೋಗಿಗಳು ಕೈಚೆಲ್ಲಿದರು. ಆದರೆ ನನ್ನ ಮೊಬೈಲಿನ ಸ್ವಂತ ಸಂಪರ್ಕದಲ್ಲಿ ಅದೇ ಪುಟ ತೆರೆಯಿತು. ದೋಷವಿರುವುದು ಸೇವೆಯಲ್ಲಲ್ಲ, ನಮ್ಮ ಕಡೆಯಲ್ಲಿ ಎಂಬುದು ಸ್ಪಷ್ಟವಾಯಿತು.

ನಾವು ಬರೆಯುವುದು ಜಾಲತಾಣದ ಹೆಸರನ್ನು. ಯಂತ್ರಕ್ಕೆ ಬೇಕಾದುದು ಅಂಕಿಗಳ ವಿಳಾಸ. ಹೆಸರಿಗೆ ತಕ್ಕ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅದನ್ನು ರೂಪಿಸಿದರು.

‘ಎನ್‌ಎಸ್‌ಲುಕಪ್’ ಎಂಬ ಆಜ್ಞೆಯ ಮುಂದೆ ಸೇವೆಯ ಹೆಸರನ್ನು ಬರೆದೆ, ವಿಳಾಸ ಬರಲಿಲ್ಲ. 8.8.8.8 ಎಂಬ ಸಾರ್ವಜನಿಕ ಡಿಎನ್‌ಎಸ್‌ಗೆ ಅದೇ ಪ್ರಶ್ನೆ ಹಾಕಿದೆ; ಬಂದಿತು. ಆ ಅಂಕಿಯನ್ನೇ ಗಣಕಯಂತ್ರದ ಜಾಲಸಂಪರ್ಕದಲ್ಲಿ ನಮೂದಿಸಿ, ಅದು ನೆನಪಿನಲ್ಲಿಟ್ಟುಕೊಂಡಿದ್ದ ಹಳೆಯ ಉತ್ತರಗಳನ್ನು ಅಳಿಸಿದೆ. ಪುಟ ತೆರೆಯಿತು, ಸಂಜೆಯೊಳಗೆ ಅರ್ಜಿಗಳೆಲ್ಲ ತಲುಪಿದವು.

ವಿಳಾಸ ದೊರೆತೂ ಪುಟ ತೆರೆಯದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಎಲ್ಲಿ ಕೇಳಿದರೂ ವಿಳಾಸವಿಲ್ಲದಿದ್ದರೆ ದೋಷ ಸೇವೆಯದೇ ಇರಬಹುದು. 2025ರ ಅಕ್ಟೋಬರ್ 20ರಂದು ಅಮೆಜಾನ್ ಕ್ಲೌಡಿನ ಒಂದು ಮುಖ್ಯ ಸೇವೆಯ ಡಿಎನ್‌ಎಸ್ ದಾಖಲೆಯೇ ಬರಿದಾಗಿ, ಅದನ್ನು ನೆಚ್ಚಿದ್ದ ಅನೇಕ ತಾಣಗಳು ಸ್ತಬ್ಧವಾದವು. ಅಂಥಲ್ಲಿ ಕಾಯುವುದೇ ವಿವೇಕ. ಉಳಿದೆಡೆ ಕೈಚೆಲ್ಲುವ ಮುನ್ನ ಹೆಸರಿಗೆ ವಿಳಾಸವಿದೆಯೇ ಎಂದು ಕೇಳಿನೋಡೋಣ.