ಮಂಡಿ ದರ ಇಳಿದರೂ ಮನಸ್ಸಿನ ದರ ಇಳಿಯದಿರಲಿ

ವಿದ್ಯಾರ್ಥಿಗೊಂದು ಪುಟ್ಟ ಸಂಕಲ್ಪಗಳ ಲೆಕ್ಕಪುಸ್ತಕ

ರಾಯಕೋಟೆ: ಈ ಸೀಮೆಯ ಮನೆಗಳಲ್ಲಿ ನಗು, ಸಿಟ್ಟು ಎರಡೂ ಟೊಮೆಟೊ ಮಂಡಿಯಿಂದಲೇ ಬರುತ್ತವೆ ಎಂದರೆ ಅತಿಶಯೋಕ್ತಿಯೇನಲ್ಲ. ದರ ಏರಿದ ದಿನ ಅಪ್ಪ ಬರುವಾಗ ಬೋಂಡಾ ಪೊಟ್ಟಣ ತರುತ್ತಾರೆ. ಕಿತ್ತ ಕೂಲಿಯೂ ಗಿಟ್ಟದ ದಿನ ಮನೆಯಲ್ಲಿ ಯಾರೂ ಯಾರನ್ನೂ ಮಾತಾಡಿಸೋದಿಲ್ಲ. 2023ರ ಜುಲೈನಲ್ಲಿ ಅನೇಕ ಪಟ್ಟಣಗಳಲ್ಲಿ ಕೆ.ಜಿ.ಗೆ 100 ರೂಪಾಯಿ ದಾಟಿದ್ದ ಟೊಮೆಟೊ, ಸೆಪ್ಟೆಂಬರ್ ಹೊತ್ತಿಗೆ ನೆಲ ಕಚ್ಚಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡವರು ಹೇಗೋ ತಡ್ಕೋತಾರೆ. ಅದೇ ಮನೆಯಲ್ಲಿ ಪ್ಲಸ್ ಟೂ ಇಲ್ಲವೇ ಕಾಲೇಜು ಓದುವ ಮಕ್ಕಳ ಗತಿ? ಮಂಡಿ ದರ, ಪರೀಕ್ಷೆಯ ಅಂಕ, ಗೆಳೆಯನ ಕೈಯಲ್ಲಿರೋ ಹೊಸ ಮೊಬೈಲು - ಸಂತೋಷದ ಬೀಗದ ಕೈಯೆಲ್ಲ ಬೇರೆಯವರ ಹತ್ತಿರವೇ. 'ಓದು ಸಾಕು, ಹೊಸೂರಿನಲ್ಲಿ ಯಾವುದಾದರೂ ಕಂಪನಿಗೆ ಸೇರ್ಕೋತೀನಿ' ಎಂಬ ಮಾತು ಹುಟ್ಟುವುದು ಇಂಥ ಸಂಜೆಗಳಲ್ಲೇ. ಹಾಗಾದರೆ ದಿನದ ಸಂತೋಷದಲ್ಲಿ ನಾಲ್ಕಾಣೆ ಭಾಗವನ್ನಾದರೂ ನಮ್ಮ ಕೈಯಲ್ಲೇ ಇಟ್ಟುಕೊಳ್ಳಲು ಸಾಧ್ಯವೇ? ಸಾಧ್ಯ ಉಂಟು. ಅದಕ್ಕೆ ಬೇಕಾದ್ದು ದೊಡ್ಡ ಶಪಥವಲ್ಲ, ಪುಟ್ಟ ಸಂಕಲ್ಪ.

ಚುಕ್ಕೆ ಇಟ್ಟ ಖಾತೆ

ವ್ಯಾಪಾರಿಗಳಿಗೆ ಖಾತೆ ಪುಸ್ತಕ ಹೊಸದಲ್ಲ. ಸುಮಾರು ಮುನ್ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಒಬ್ಬ ಯುವಕ ತನ್ನ ನಡತೆಗೇ ಖಾತೆ ತೆರೆದ. ಹೆಸರು ಬೆಂಜಮಿನ್ ಫ್ರಾಂಕ್ಲಿನ್. 1706ರಲ್ಲಿ ಹುಟ್ಟಿದ ಈತ ಮೇಣದಬತ್ತಿ, ಸಾಬೂನು ಮಾಡುವವನ ಮಗ. ಹತ್ತನೇ ವಯಸ್ಸಿಗೇ ಶಾಲೆ ಬಿಟ್ಟು, ಮುಂದೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿತವನು. ಮಿತವಾಗಿ ಉಣ್ಣುವುದು, ವ್ಯರ್ಥ ಮಾತು ಬಿಡುವುದು, ವಸ್ತುಗಳನ್ನು ಅದರದರ ಜಾಗದಲ್ಲಿಡುವುದು - ಹೀಗೆ 13 ಗುಣಗಳನ್ನು ಪಟ್ಟಿ ಮಾಡಿದ. ಚಿಕ್ಕ ಪುಸ್ತಕದಲ್ಲಿ ವಾರದ ಏಳು ದಿನಕ್ಕೆ ಏಳು ಮನೆ ಎಳೆದ. ತಪ್ಪಿದ ದಿನ ಒಂದು ಕಪ್ಪು ಚುಕ್ಕೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಲಿಲ್ಲ. ವಾರಕ್ಕೆ ಒಂದೇ ಗುಣದ ಮೇಲೆ ವಿಶೇಷ ಗಮನ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು.

ಎಲ್ಲದರಲ್ಲೂ ಗೆದ್ದನೇ? ಇಲ್ಲ. ಅಚ್ಚುಕಟ್ಟುತನ ಮಾತ್ರ ಕೊನೆವರೆಗೂ ಅವನಿಗೆ ಕೈಕೊಟ್ಟಿತು. ಆದರೂ ಆ ಪ್ರಯತ್ನದಿಂದಲೇ ತಾನು ಹೆಚ್ಚು ಒಳ್ಳೆಯವನೂ ಹೆಚ್ಚು ಸುಖಿಯೂ ಆದೆನೆಂದು ಮುಪ್ಪಿನಲ್ಲಿ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ.

ಅಷ್ಟು ದೂರ ಯಾಕೆ, ನಮ್ಮ ಮಗ್ಗುಲಲ್ಲೇ ಒಂದು ಉದಾಹರಣೆ ಇದೆ. ಹೊಸೂರು ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ, ಹೊಸೂರಿನ ಶಾಲೆಯಲ್ಲೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಓದಿದ ರಾಜಾಜಿಯವರು 1921ರ ಡಿಸೆಂಬರಿನಿಂದ 1922ರ ಮಾರ್ಚ್‌ವರೆಗೆ ವೆಲ್ಲೂರು ಜೈಲಿನಲ್ಲಿದ್ದರು. ಅಲ್ಲಿ ದಿನಚರಿ ಬರೆದರು. ಬಾಗಿಲಿನ ಬೀಗ ಅವರ ಕೈಯಲ್ಲಿರಲಿಲ್ಲ. ಬರೆಯುವುದು ಅವರ ಕೈಯಲ್ಲಿತ್ತು.

ಟೊಮೆಟೊ ಬೆಳೆಯಷ್ಟೇ ಕಾಲ

'ಇನ್ನು ಮೇಲೆ ಚೆನ್ನಾಗಿ ಓದ್ತೀನಿ', 'ಸಿಟ್ಟು ಮಾಡ್ಕೊಳ್ಳೋದಿಲ್ಲ' - ಇವು ಸಂಕಲ್ಪಗಳಲ್ಲ, ಬರೀ ಆಸೆಗಳು. ಯುಗಾದಿಯ ದಿನ ಬೇವುಬೆಲ್ಲದ ಜೊತೆ ನುಂಗಿ, ವಾರ ಕಳೆಯುವಷ್ಟರಲ್ಲಿ ಮರೆತುಹೋಗುವ ಆರಂಭಶೂರತ್ವ. 'ಯಾವಾಗ, ಯಾವ ಕೆಲಸವಾದ ಮೇಲೆ' ಎಂದು ಮೊದಲೇ ನಿಶ್ಚಯಿಸಿದವರು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲೇ ವಿವರಿಸಿದ್ದಾರೆ.

ರೂಢಿಯಾಗಲು ಎಷ್ಟು ದಿನ ಬೇಕು? ಲಂಡನ್ನಿನಲ್ಲಿ 96 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಡುಮಟ್ಟದ ಲೆಕ್ಕ 66 ದಿನ ಬಂತು. ಕೆಲವರಿಗೆ 18 ದಿನ, ಕೆಲವರಿಗೆ 254. ನಮ್ಮ ರೈತರಿಗೆ ಈ 66 ಬಲು ಪರಿಚಯದ ಅಂಕಿ. ಟೊಮೆಟೊ ಸಸಿ ನಾಟಿ ಮಾಡಿ ಮೊದಲ ಕೊಯ್ಲಿಗೆ ಹಿಡಿಯುವುದೂ ಹೆಚ್ಚು ಕಡಿಮೆ ಅಷ್ಟೇ ದಿನ! ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲ ಎಂದೂ ಆ ಅಧ್ಯಯನ ಹೇಳಿತು. ಸಸಿ ಒಂದು ಸತ್ತರೆ ಆ ಜಾಗಕ್ಕೆ ಬೇರೆ ಸಸಿ ನೆಡ್ತೀವಿ; ತೋಟವನ್ನೇ ಉತ್ತು ಹಾಕೋದಿಲ್ಲ ತಾನೇ?

ಮೂರೇ ಸಾಕು

ರಾಯಕೋಟೆಯಿಂದ ಹೊಸೂರಿಗೆ ಬಸ್ಸಿನಲ್ಲಿ ಓಡಾಡಿ ಓದುವ ಹುಡುಗಿಯೊಬ್ಬಳು ಇದ್ದಾಳೆ ಎಂದಿಟ್ಟುಕೊಳ್ಳಿ. ಅವಳ ಪಟ್ಟಿ ಹೀಗಿರಬಹುದು.

ಒಂದು: ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರೋವರೆಗೂ ಮೊಬೈಲ್ ಮುಟ್ಟೋದಿಲ್ಲ.

ಎರಡು: ಸಂಜೆ ಮನೆಗೆ ಬಂದು ಕಾಫಿ ಕುಡಿದ ಮೇಲೆ ತಾತನಿಗೆ ಕನ್ನಡ ಪತ್ರಿಕೆಯ ಒಂದು ಸುದ್ದಿ ಓದಿ ಹೇಳ್ತೀನಿ. ತರಗತಿಯಲ್ಲಿ ತಮಿಳು, ಇಂಗ್ಲಿಷು. ಇಲ್ಲಿ ಮನೆಮಾತಿಗೆ ತುಕ್ಕು ಹಿಡಿಯೋದಿಲ್ಲ, ತಾತನಿಗೂ ಜೊತೆ.

ಮೂರು: ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಮೇಲೆ ಆ ದಿನ ಆದ ಒಂದು ಒಳ್ಳೆಯದನ್ನು ಬರೀತೀನಿ. ಬಸ್ಸಿನಲ್ಲಿ ಸೀಟು ಸಿಕ್ಕಿದ್ದೂ ಆಗಬಹುದು.

ಮೂರನೆಯದನ್ನು ನೋಡಿ ನಗಬೇಡಿ. ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳು ಹತ್ತು ವಾರ ಕಾಲ, ವಾರಕ್ಕೊಮ್ಮೆ ತಮಗೆ ಸಂದ ಒಳ್ಳೆಯದನ್ನು ಐದರವರೆಗೆ ಪಟ್ಟಿ ಮಾಡಿದರು. ಬರೀ ಕಿರಿಕಿರಿಗಳನ್ನು ಬರೆದವರಿಗಿಂತ ಇವರಿಗೆ ಬಾಳಿನ ಬಗ್ಗೆ ಹೆಚ್ಚು ಸಮಾಧಾನವಿತ್ತು ಎಂದು ರಾಬರ್ಟ್ ಎಮನ್ಸ್, ಮೈಕೇಲ್ ಮೆಕಲೊ 2003ರಲ್ಲಿ ವರದಿ ಮಾಡಿದರು.

ಈ ಮೂರಕ್ಕೂ ಒಂದೇ ಪರೀಕ್ಷೆ: ಮಂಡಿಯಲ್ಲಿ ಅತಿ ಕೆಟ್ಟ ದರ ಬಿದ್ದ ದಿನವೂ ಇದನ್ನು ಮಾಡಲು ಆಗುತ್ತದೆಯೇ? ಆಗುತ್ತದೆ ಎಂದರೆ ಸಂಕಲ್ಪದ ಅಳತೆ ಸರಿಯಾಗಿದೆ. ಆಗೋದಿಲ್ಲ ಎಂದರೆ ಇನ್ನೂ ಚಿಕ್ಕದು ಮಾಡಿಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಮಾತು ದುಡ್ಡಿಗಷ್ಟೇ ಅಲ್ಲ, ಸಂಕಲ್ಪಕ್ಕೂ ಸಲ್ಲುತ್ತದೆ.

ಹೆತ್ತವರಿಗೆ ಎರಡು ಮಾತು

ಪುಟ್ಟ ಸಂಕಲ್ಪದಿಂದ ಸಾಲ ತೀರುವುದಿಲ್ಲ, ದರ ಏರುವುದಿಲ್ಲ. ಹಾಗೆ ನಂಬಿಸುವುದೂ ತಪ್ಪು. ಕೆಟ್ಟ ದಿನವೂ ಮಗು ಪುಸ್ತಕ ತೆರೆದು ಕೂರುವಷ್ಟು ಧೈರ್ಯ ಅದರಿಂದ ಉಳಿದರೆ ಅದೇ ಲಾಭ. ಮಕ್ಕಳ ಆ ಚುಕ್ಕೆ ಪುಸ್ತಕವನ್ನು ಅಂಕಪಟ್ಟಿಯಂತೆ ತಪಾಸಣೆ ಮಾಡಲು ಹೋಗಬೇಡಿ. ಮಗು ವಾರಗಟ್ಟಲೆ ಮಂಕಾಗಿ, ನಿದ್ದೆ ಊಟ ಬಿಟ್ಟರೆ ಮಾತ್ರ ಸಂಕಲ್ಪ ಸಾಲದು. ಜೊತೆಯಲ್ಲಿ ಕೂತು ಮಾತಾಡಿ, ವೈದ್ಯರಿಗೆ ತೋರಿಸಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೂ ತಮಿಳಿನಲ್ಲೂ ಉಚಿತವಾಗಿ ಮಾತಾಡಬಹುದು.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎನ್ನುತ್ತೇವೆ ನಾವು. 'ಸಿರು ತುಳಿ ಪೆರು ವೆಳ್ಳಂ' ಎನ್ನುತ್ತಾರೆ ನೆರೆಮನೆಯವರು. ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಒಂದೇ ಬುದ್ಧಿಮಾತು ಎರಡು ಸಲ ಸಿಕ್ಕಿದೆ. ಇಂದು ರಾತ್ರಿ ಒಂದು ಹನಿಯಿಂದಲೇ ಶುರುವಾಗಲಿ.